ಬ್ಯಾಟರಿ ಪೆಟ್ಟಿಗೆ: ಮೊದಲು ಲೆಕ್ಕ, ಆಮೇಲೆ ಹಣ

ಕರೆಂಟು ಹೋದಾಗ ಉಪಯೋಗಕ್ಕೆ ಬರುವ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಬ್ಯಾಟರಿ ಪೆಟ್ಟಿಗೆಗಳು ಈಗ ಪೇಟೆಗೆ ಬಂದಿವೆ. ಅಂಗಡಿಯವರು ಇವನ್ನು ಪೋರ್ಟಬಲ್ ಪವರ್ ಸ್ಟೇಷನ್ ಎನ್ನುತ್ತಾರೆ. ಒಳಗೆ ಲಿಥಿಯಂ ಬ್ಯಾಟರಿ, ಅದರೊಂದಿಗೆ ಇನ್ವರ್ಟರು ಮತ್ತು ಚಾರ್ಜರು. ಹೊರಗೆ ಪ್ಲಗ್ಗು ಹಾಕುವ ಸಾಕೆಟ್ಟುಗಳು. ಹೊಗೆಯಿಲ್ಲ, ಸದ್ದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬೆಳೆಗಾರರು ಇದನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: ತೋಟದ ಮೋಟಾರಿಗೆ ಆಗುತ್ತದೆಯೇ? ಆಗುವುದಿಲ್ಲ ಎಂದು ನಾವು ಮೊದಲೇ ಹೇಳಿಬಿಡುತ್ತೇವೆ. ಇದು ಮನೆಯ ದೀಪಕ್ಕೆ, ಫ್ಯಾನಿಗೆ, ಫೋನಿಗೆ ಇರುವ ಸಾಧನ, ನೀರೆತ್ತುವ ಸಾಧನವಲ್ಲ. ಈ ವ್ಯತ್ಯಾಸ ತಿಳಿಯದೆ ಹಣ ಹಾಕಿದವರಿಗೆ ಪೆಟ್ಟಿಗೆಯೂ ದಂಡ, ಬೇಸಿಗೆಯಲ್ಲಿ ಒಣಗುವ ಅಡಿಕೆ ಸಸಿಯೂ ದಂಡ.

ಈ ಮೂರು ತಾಲ್ಲೂಕುಗಳು ಕಾಫಿಯ ಸೀಮೆಯಲ್ಲ. ಇಲ್ಲಿ ಕಬ್ಬು, ಭತ್ತ, ರೇಷ್ಮೆ, ತೆಂಗುಗಳ ನಡುವೆ ಅಡಿಕೆ ಕಾಲೂರಿದೆ. ಮಲೆನಾಡಿನ ಹಾಗೆ ಮಳೆಯನ್ನು ನಂಬಿ ತೋಟ ಮಾಡುವ ನೆಲವಲ್ಲ. ನಾಲೆ ನೀರು ಹರಿಯದ ಕಡೆ ಕೊಳವೆ ಬಾವಿಯೇ ಗತಿ. ಕೊಳವೆ ಬಾವಿಗೆ ವಿದ್ಯುತ್ತೇ ಗತಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಕೊಟ್ಟದ್ದೂ ಅದೇ ಕೇಂದ್ರ. ಅಂಥ ತಾಲ್ಲೂಕಿನ ರೈತ ಇಂದು ದಿನಕ್ಕೆ ಏಳು ಗಂಟೆಯ ಮೂರು ಫೇಸ್ ಸರಬರಾಜಿಗೆ ಕಾದು ಕೂರುತ್ತಾನೆ. 2023ರ ಬರಗಾಲದಲ್ಲಿ ಅದು ಐದು ಗಂಟೆಗೆ ಇಳಿದದ್ದನ್ನೂ ನಾವೆಲ್ಲ ಕಂಡಿದ್ದೇವೆ. ಹೀಗಿರುವಾಗ ಹೊಸ ಪೆಟ್ಟಿಗೆಯ ಮೇಲೆ ಆಸೆ ಹುಟ್ಟುವುದು ಸಹಜ. ಆಸೆಗೆ ಮುಂಚೆ ಲೆಕ್ಕ ಇರಲಿ ಎಂಬುದಷ್ಟೇ ನಮ್ಮ ಮಾತು.

ಲೆಕ್ಕ ಕಷ್ಟದ್ದೇನಲ್ಲ. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ವ್ಯಾಟ್-ಅವರ್ ಎಂಬುದು ಅದರಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ. ವ್ಯಾಟ್ ಎಂಬುದು ಒಂದೇ ಸಲಕ್ಕೆ ಎಷ್ಟು ಹೊರೆ ತಡೆಯುತ್ತದೆ ಎಂಬ ಅಳತೆ. ತೊಟ್ಟಿಯ ಗಾತ್ರ ಒಂದು, ನಲ್ಲಿಯ ಗಾತ್ರ ಇನ್ನೊಂದು ಎಂದು ತಿಳಿದರೆ ಸಾಕು. 1,000 ವ್ಯಾಟ್-ಅವರ್ ಎಂದರೆ ನಮ್ಮ ಮೀಟರಿನ ಒಂದು ಯೂನಿಟ್ ಮಾತ್ರ.

ಈಗ ಮೋಟಾರನ್ನು ನೋಡೋಣ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಐದು ಅಶ್ವಶಕ್ತಿಯ ಪಂಪು, ಮೋಟಾರಿನಲ್ಲಿ ಆಗುವ ನಷ್ಟವೂ ಸೇರಿ, ಗಂಟೆಗೆ ನಾಲ್ಕೂವರೆ ಯೂನಿಟ್ಟಿನಷ್ಟು ಎಳೆಯುತ್ತದೆ. ಏಳು ಗಂಟೆಗೆ ಮೂವತ್ತು ಯೂನಿಟ್ ದಾಟಿತು. ಒಂದು ಯೂನಿಟ್ಟಿನ ಪೆಟ್ಟಿಗೆ ಅದಕ್ಕೆ ಕಾಲು ಗಂಟೆಯೂ ಸಾಲದು. ಅದೂ ಮಾತಿಗೆ ಮಾತ್ರ. ನೇರವಾಗಿ ಚಾಲೂ ಮಾಡಿದ ಮೋಟಾರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಪೆಟ್ಟಿಗೆ ತಾನಾಗಿ ಬಂದ್ ಆಗುತ್ತದೆ. ಅಲ್ಲದೆ ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಒಂದೇ ಫೇಸ್ ಕೊಡುತ್ತವೆ. ನಮ್ಮ ತೋಟದ ಮೋಟಾರುಗಳು ಹೆಚ್ಚಿನವು ಮೂರು ಫೇಸಿನವು. ಅಡಿಕೆ ಸುಲಿಯುವ ಯಂತ್ರ, ಹಾಲು ಕರೆಯುವ ಯಂತ್ರಗಳದೂ ಮೋಟಾರಿನ ಹೊರೆಯೇ. ಅವುಗಳಿಗೆಂದು ಕೊಳ್ಳುವವರು ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಓಡಿಸಿ ತೋರಿಸಿದ ಮೇಲೆಯೇ ಹಣ ಕೊಡಬೇಕು. ನೀರಿನ ಚಿಂತೆ ಇರುವವರಿಗೆ 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪು, ಹನಿ ನೀರಾವರಿ, ಒಂದು ಶೇಖರಣೆ ತೊಟ್ಟಿ, ಇವು ಯೋಚಿಸತಕ್ಕ ದಾರಿಗಳು.

ಹಾಗಾದರೆ ಪೆಟ್ಟಿಗೆ ನಿರುಪಯೋಗಿಯೇ? ಖಂಡಿತ ಅಲ್ಲ. ನಾಲ್ಕು ಎಲ್‌ಇಡಿ ಬಲ್ಬುಗಳಿಗೆ 36 ವ್ಯಾಟ್, ಒಂದು ಹಳೆಯ ಮಾದರಿಯ ಫ್ಯಾನಿಗೆ 75, ಸಣ್ಣ ಟಿ.ವಿ.ಗೆ 50, ಇಂಟರ್‌ನೆಟ್ಟಿನ ಡಬ್ಬಿಗೆ 10; ಒಟ್ಟು 171 ವ್ಯಾಟ್. ನಾಲ್ಕು ಗಂಟೆಗೆ 684 ವ್ಯಾಟ್-ಅವರ್. ಎರಡು ಫೋನು ಚಾರ್ಜಿಗೆ 30 ಸೇರಿಸಿ. ಇನ್ವರ್ಟರಿನಲ್ಲಿ ನೂರಕ್ಕೆ ಹದಿನೈದರಷ್ಟು ನಷ್ಟ ಹಿಡಿದರೆ ಸುಮಾರು 840 ಬೇಕು. 1,000ದ ಪೆಟ್ಟಿಗೆ ಸಾಕು. ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 630ಕ್ಕೆ ಇಳಿಯುತ್ತದೆ. ಪೆಟ್ಟಿಗೆ ದೊಡ್ಡದು ಮಾಡುವುದಕ್ಕಿಂತ ಹೊರೆ ಚಿಕ್ಕದು ಮಾಡುವುದು ಯಾವಾಗಲೂ ಅಗ್ಗ. ರಾತ್ರಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ, ಕಣದಲ್ಲಿ ಅಡಿಕೆ ತೂಗುವ ವಿದ್ಯುನ್ಮಾನ ತಕ್ಕಡಿಗೆ ಇದರಿಂದ ನಿಜವಾದ ಅನುಕೂಲವಿದೆ. ಹುಳು ಮನೆಯ ಹೀಟರು, ಸ್ನಾನದ ಗೀಸರು ಮಾತ್ರ ಇದರ ಹತ್ತಿರ ಸುಳಿಯಬಾರದು.

ಕೊಳ್ಳುವಾಗ ನಾಲ್ಕು ಸಂಗತಿ ವಿಚಾರಿಸಬೇಕು. ಒಂದು, ಬ್ಯಾಟರಿ ಯಾವ ಜಾತಿಯದು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಸಾಮಾನ್ಯವಾಗಿ ಮೂರು ಸಾವಿರ ಸಲ ತುಂಬಿ ಬರಿದು ಮಾಡಬಹುದು, ಶಾಖವನ್ನೂ ಹೆಚ್ಚು ತಾಳುತ್ತದೆ. ಬೇರೆ ಬಗೆಯ ಲಿಥಿಯಂಗೆ ಬಾಳಿಕೆ ಕಡಿಮೆ. ಎರಡು, ತುಂಬಲು ಎಷ್ಟು ಹೊತ್ತು. ಕರೆಂಟು ತುಂಡುತುಂಡಾಗಿ ಬರುವ ಊರಿನಲ್ಲಿ ಆರು ಗಂಟೆ ತುಂಬಬೇಕಾದ ಪೆಟ್ಟಿಗೆ ಸದಾ ಅರೆಹೊಟ್ಟೆಯಲ್ಲೇ ಇರುತ್ತದೆ. ಮೂರು, ಬಿಐಎಸ್ ನೋಂದಣಿ ಸಂಖ್ಯೆ, ರಸೀತಿ, ವಾರಂಟಿ, ದುರಸ್ತಿ ಮಾಡುವವರು ಮಂಡ್ಯದಲ್ಲೋ ಮೈಸೂರಿನಲ್ಲೋ ಇದ್ದಾರೆಯೇ ಎಂಬುದು. ನಾಲ್ಕು, ಇದನ್ನು ನಿಜವಾಗಿ ಎತ್ತಿ ಸಾಗಿಸುವ ಅಗತ್ಯ ಇದೆಯೇ ಎಂಬುದು. ಮನೆಯ ಮೂಲೆಯಲ್ಲೇ ಕೂರುವುದಾದರೆ ಸಾಧಾರಣ ಇನ್ವರ್ಟರು, 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ ಕಡಿಮೆ ಹಣಕ್ಕೆ ಅದೇ ಕೆಲಸ ಮಾಡುತ್ತದೆ. ಬಟ್ಟಿ ಇಳಿಸಿದ ನೀರು ಹಾಕುವ ತಾಳ್ಮೆ ಇದ್ದರಾಯಿತು.

ಒಂದು ಎಚ್ಚರಿಕೆಯನ್ನು ಸದಸ್ಯರು ದಯಮಾಡಿ ಮನಸ್ಸಿನಲ್ಲಿಡಬೇಕು. ಎರಡೂ ಕಡೆ ಪ್ಲಗ್ಗು ಇರುವ ವೈರಿನಿಂದ ಪೆಟ್ಟಿಗೆಯನ್ನು ಮನೆಯ ಗೋಡೆಯ ಸಾಕೆಟ್ಟಿಗೆ ಸೇರಿಸಿ ಇಡೀ ಮನೆಗೆ ಬೆಳಕು ಮಾಡುವ ಸಾಹಸ ಬೇಡ. ಆ ವಿದ್ಯುತ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನ ಮೂಲಕ ಮೇಲಿನ ತಂತಿಗೆ ಏರಬಹುದು. ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ಹೋಗಬಹುದು. ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ಮನೆಯ ವೈರಿಂಗಿಗೆ ಸೇರಿಸಲೇಬಾರದು. ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ, ಗೊಬ್ಬರ ಮತ್ತು ಡೀಸೆಲ್ ಡಬ್ಬಿಗಳ ಪಕ್ಕದಲ್ಲಿ ಇಡುವುದೂ ತರವಲ್ಲ.

ಕೊಡಗು, ಹಾಸನದ ಕಾಫಿ ಬೆಳೆಗಾರರೂ ಮಂಡ್ಯದವರಂತೆ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಗ್ರಾಹಕರೇ. ಆದರೆ ಅಲ್ಲಿನ ತೊಂದರೆ ಬೇರೆ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಆಗ ಒಂದು ಯೂನಿಟ್ಟಿನ ಪೆಟ್ಟಿಗೆ ಮೊದಲ ರಾತ್ರಿಗೇ ಬರಿದಾಗುತ್ತದೆ. ಮೋಡದ ದಿನಗಳಲ್ಲಿ ಸೌರಫಲಕವನ್ನೂ ನೆಚ್ಚುವಂತಿಲ್ಲ. ಮಂಡ್ಯದ ಬಯಲಿನಲ್ಲಿ ಬಿಸಿಲಿರುವ ದಿನ 100 ವ್ಯಾಟಿನ ಫಲಕ 400 ವ್ಯಾಟ್-ಅವರ್ ಆಸುಪಾಸು ಕೊಟ್ಟೀತು. ಆಷಾಢದ ಮಡಿಕೇರಿಯಲ್ಲಿ ಅಷ್ಟು ಸಿಕ್ಕುವುದಿಲ್ಲ. ಆದಕಾರಣ ಒಬ್ಬರು ಕೊಂಡರೆಂದು ಇನ್ನೊಬ್ಬರು ಕೊಳ್ಳುವುದು ಸರಿಯಲ್ಲ.

ಇಲ್ಲಿ ಸಹಕಾರ ಸಂಘಗಳಿಗೂ ಕೆಲಸವಿದೆ ಎಂಬುದು ನಮ್ಮ ಅಭಿಪ್ರಾಯ. ಸಂಘವು ಕಮಿಷನ್ನಿಗೆ ಮಾರುವ ಅಂಗಡಿಯಾಗುವುದು ಬೇಡ. ಒಂದೆರಡು ಪೆಟ್ಟಿಗೆಗಳನ್ನು ತಾನೇ ಕೊಂಡು, ಸದಸ್ಯರ ಮನೆಯ ಹೊರೆಯ ಮೇಲೆ ಪರೀಕ್ಷಿಸಿ, ಮದುವೆಗೆ, ಕೊಯ್ಲಿಗೆ, ಕಾಯಿಲೆಯವರಿರುವ ಮನೆಗೆ ಕಡಿಮೆ ಬಾಡಿಗೆಗೆ ಕೊಡಲಿ. ಹತ್ತಾರು ಮಂದಿಗೆ ಬೇಕೆಂದಾದರೆ ಒಟ್ಟಾಗಿ ಕೊಂಡು ದರವನ್ನೂ ದುರಸ್ತಿಯ ಕರಾರನ್ನೂ ಸಂಘವೇ ಮಾತಾಡಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಹೊಣೆ ತಯಾರಕರದು. ಅದನ್ನು ವಾಪಸು ಕೊಡುವ ವ್ಯವಸ್ಥೆಯನ್ನೂ ಆ ಕರಾರಿನಲ್ಲೇ ಸೇರಿಸಬಹುದು.

ಪೆಟ್ಟಿಗೆ ಮನೆಗೆ ಬಂತೆಂದು ಸಮರ್ಪಕ ವಿದ್ಯುತ್ ಪೂರೈಕೆಯ ಬೇಡಿಕೆಯನ್ನು ಕೈಬಿಡುವಂತಿಲ್ಲ. ದೀಪಕ್ಕೆ ಪೆಟ್ಟಿಗೆ ಸಾಕು, ಗಿಡಕ್ಕೆ ಮೂರು ಫೇಸೇ ಬೇಕು. ಸದಸ್ಯ ಬಂಧುಗಳು ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಕೂತು, ಮನೆಯಲ್ಲಿ ಕರೆಂಟಿಲ್ಲದಾಗ ಯಾವುದು ಎಷ್ಟು ಹೊತ್ತು ನಡೆಯಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಅಂಗಡಿಯವರು ಏನೇ ಹೇಳಿದರೂ ಆ ಚೀಟಿಯ ಲೆಕ್ಕದಂತೆಯೇ ಕೊಳ್ಳಲಿ.