ಕಾಯಿದೆಯೂ ಅದರ ಬಾಗಿಲೂ

ಗೃಹಹಿಂಸೆಯಿಂದ ಸ್ತ್ರೀಯರನ್ನು ಸಂರಕ್ಷಿಸುವ 2005ನೆಯ ಇಸವಿಯ ಕಾಯಿದೆಯು 2006ನೆಯ ಅಕ್ಟೋಬರ್ 26ರಿಂದ ಜಾರಿಯಲ್ಲಿರುವುದು. ಹೊಡೆತ ಬಡಿತಗಳನ್ನಲ್ಲದೆ ನಿಂದೆ, ಬೆದರಿಕೆ, ಮನೆವಾರ್ತೆಗೆ ಹಣ ಕೊಡದೆ ಪೀಡಿಸುವುದು ಇವೆಲ್ಲವನ್ನೂ ಹಿಂಸೆಯೆಂದೆಣಿಸಿ, ಪತ್ನಿಗಲ್ಲದೆ ತಾಯಿ, ಸೋದರಿ, ವಿಧವೆಯರಿಗೂ ಆಶ್ರಯವಿತ್ತ ಈ ಶಾಸನವು ಸ್ವತಂತ್ರ ರಾಷ್ಟ್ರದ ಸಂಸತ್ತಿಗೆ ಗೌರವ ತರತಕ್ಕದ್ದೇ ಸರಿ. ಹೀಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ಕರ್ನಾಟಕದ ವಿವಾಹಿತೆಯರ ಪೈಕಿ ನೂರಕ್ಕೆ ಸುಮಾರು 44 ಮಂದಿ ತಾವು ಗಂಡಂದಿರಿಂದ ಹಿಂಸೆಗೊಳಗಾದುದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 21ರಷ್ಟಿತ್ತು. ಹಿಂಸೆಯು ಇಮ್ಮಡಿಸಿತೋ, ಹೇಳುವ ಧೈರ್ಯವು ಬಂದಿತೋ, ವಾದಿಸುವವರು ವಾದಿಸಲಿ. ದೇಶದಲ್ಲಿ ಹಿಂಸೆಗೊಳಗಾದವರಲ್ಲಿ ನೆರವು ಬೇಡಿದವರು ನೂರಕ್ಕೆ 14 ಮಂದಿ ಮಾತ್ರವೆಂಬುದೇ ನಮ್ಮನ್ನು ಹೆಚ್ಚು ಕಳವಳಗೊಳಿಸುವ ಅಂಶ.

ಉಳಿದವರು ಬಾರದಿರಲು ಕಾರಣವೇನು? ಅಜ್ಞಾನ, ಸಂಕೋಚ, ಮನೆತನದ ಮಾನ ಎಂದು ಉತ್ತರಿಸುವುದು ರೂಢಿ. ನಮ್ಮ ಮತದಲ್ಲಿ ದೋಷದ ದೊಡ್ಡ ಪಾಲು ಬಾಗಿಲಿನ ರಚನೆಯಲ್ಲಿಯೇ ಉಂಟು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಪಟ್ಟವನ್ನೂ ಕಟ್ಟಲಾಗಿದೆ. ಅಂಗನವಾಡಿಗಳ ಮೇಲ್ವಿಚಾರಣೆಯಲ್ಲಿ ಮುಳುಗಿದವರಿಗೆ ಇದು ಹೊರೆಯ ಮೇಲೊಂದು ಹೊರೆ. ಅಪ್ಪಣೆಯಿಲ್ಲದೆ ಹೊಸಲು ದಾಟಲಾರದ ಹಳ್ಳಿಯ ಹೆಣ್ಣುಮಗಳು ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದು, ಹತ್ತು ಜನರ ಎದುರಿನಲ್ಲಿ ತನ್ನ ಗೋಳನ್ನು ಹೇಳಿಕೊಳ್ಳಬೇಕೆಂಬುದು ಯಾವ ವಿವೇಕ? 181ಕ್ಕೆ ದೂರವಾಣಿ ಮಾಡಬಹುದಲ್ಲವೆ ಎನ್ನುವರು. ಮನೆಗೊಂದೇ ಮೊಬೈಲಿದ್ದು ಅದು ಗಂಡನ ಜೇಬಿನಲ್ಲಿದ್ದರೆ? ಮಾಡಿದ ಕರೆಯ ಗುರುತು ಅದರಲ್ಲಿಯೇ ಉಳಿದರೆ? ಕಿವಿ ಕೇಳದ ಗೃಹಿಣಿ, ಮಗನ ಏಟಿಗೆ ಹೆದರಿ ಹಾಸಿಗೆ ಹಿಡಿದ ವೃದ್ಧೆ, ಕನ್ನಡವರಿಯದೆ ಕೂಲಿಗೆ ಬಂದ ಹೆಂಗಸು, ಇವರಾರನ್ನೂ ನೆನೆದು ಕಟ್ಟಿದ ಬಾಗಿಲಲ್ಲವಿದು.

ಒಳ್ಳೆಯ ರಚನೆಯ ನಿದರ್ಶನ ಅದೇ ಕಾಯಿದೆಯ ನಿಯಮಗಳಲ್ಲಿಯೇ ದೊರೆಯುವುದು. ಅಧಿಕಾರಿಯು ತುಂಬುವ ಮೊದಲನೆಯ ನಮೂನೆಯಲ್ಲಿ ಹೊಡೆತ, ವರದಕ್ಷಿಣೆಯ ಹೀಯಾಳಿಕೆ, ಗಂಡುಮಗುವಾಗಲಿಲ್ಲವೆಂಬ ನಿಂದೆ, ಮನೆಬಿಟ್ಟು ಹೊರಹೋಗಗೊಡದಿರುವುದು ಮುಂತಾದುವನ್ನು ಒಂದೊಂದಾಗಿ ಅಚ್ಚು ಮಾಡಿದೆ. ನಾಚಿಕೆಯಿಂದ ಮಾತು ಹೊರಡದವಳು "ಹೌದು" ಎಂದರೆ ಸಾಕು. ಇದನ್ನೇ ಚಿತ್ರಗಳಲ್ಲಿ, ಸಂಜ್ಞಾಭಾಷೆಯಲ್ಲಿ, ಉರ್ದು ತೆಲುಗು ತಮಿಳು ಹಿಂದಿಗಳಲ್ಲಿ ಒದಗಿಸಿದರೆ ಬೊಕ್ಕಸವೇನೂ ಬರಿದಾಗದು.

2020ರ ಸಾಂಕ್ರಾಮಿಕದ ಕಾಲದಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ, ಔಷಧದಂಗಡಿಗೆ ಹೋದ ಸ್ತ್ರೀಯು "ಮುಖಗವುಸು 19" ಬೇಕೆಂದರೆ ಅಂಗಡಿಯವರು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸುವ ಏರ್ಪಾಡಾಯಿತು. ಗಂಡನು ಪಕ್ಕದಲ್ಲಿದ್ದರೂ ಕೇಳಬಹುದಾದ ನೆರವದು. ನಮ್ಮಲ್ಲಿ ಅಂಥ ಸ್ಥಳ ಯಾವುದು? ನ್ಯಾಯಬೆಲೆ ಅಂಗಡಿಯೋ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ಉಪಕೇಂದ್ರವೋ? ಆಶಾ ಕಾರ್ಯಕರ್ತೆಗೆ ಹೇಳಬಹುದೆಂದರೆ ಆಕೆಯೂ ಅದೇ ಊರಿನವಳು, ಕೆಲವೆಡೆ ಗಂಡನ ನಂಟಳು. ಇದು ಬೆಂಗಳೂರಿನ ಮೇಜಿನ ಮೇಲೆ ತೀರ್ಮಾನವಾಗುವ ವಿಷಯವಲ್ಲ. ಹಿಂಸೆಯಿಂದ ಪಾರಾಗಿ ಬಂದವರನ್ನೂ ಸಾಂತ್ವನ ಕೇಂದ್ರಗಳಲ್ಲಿ ದುಡಿದವರನ್ನೂ ಕರೆದು ಕೂಡಿಸಿ, ಅವರು ತೋರಿಸಿದ ಕಡೆ ಬಾಗಿಲನ್ನಿಡುವುದು ಸರಕಾರದವರ ಕರ್ತವ್ಯ.

ಇನ್ನೊಂದು ಮಾತು. ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾವನೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವನೆಯಿಂದ ತಿಳಿಸಿದವನಿಗೆ ಯಾವ ಹೊಣೆಯೂ ತಗಲದು ಎಂದು ಕಾಯಿದೆಯ ನಾಲ್ಕನೆಯ ಪ್ರಕರಣವು ಹೇಳುವುದು. ಗೋಡೆಯಾಚೆಯ ಕೂಗನ್ನು ಕೇಳಿಯೂ ಕದವಿಕ್ಕಿಕೊಳ್ಳುವ ಪಟ್ಟಣಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಈ ಪ್ರಕರಣವನ್ನೂ ಅಧಿಕಾರಿಯ ದೂರವಾಣಿಯನ್ನೂ ಬರೆದ ಫಲಕಗಳು ತಮ್ಮ ಜಿಲ್ಲೆಯ ಎಷ್ಟು ಪಂಚಾಯತಿಗಳ ಗೋಡೆಯ ಮೇಲಿವೆಯೆಂದು ಜಿಲ್ಲಾಧಿಕಾರಿಗಳು ಎಣಿಸಿ ಪ್ರಕಟಿಸುವರೆ?