ತಲೆಯ ಭಾರ ವಹಿಗೆ ಇಳಿಯಲಿ



ನಮ್ಮ ಜತ್ತ ತಾಲೂಕಿನ ರೈತನಿಗೆ ದುಡಿಮೆ ಹೊಸದಲ್ಲ, ಬರವೂ ಹೊಸದಲ್ಲ. 1972ರ ಬರವನ್ನು ಹಿರಿಯರು ಕಂಡರು. 2012-13ರ ಬರವನ್ನೂ 2018ರ ಬರವನ್ನೂ ನಾವೆಲ್ಲ ಕಂಡೆವು. ಮೈ ಮುರಿದು ದುಡಿದ ಆಯಾಸ ಒಂದು ರಾತ್ರಿಯ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಆದರೆ ಆ ನಿದ್ದೆಯೇ ಬಾರದಿದ್ದರೆ? ಹಾಸಿಗೆಗೆ ಬಿದ್ದ ಮೇಲೆ ಒಂದೊಂದಾಗಿ ನೆನಪು ಏಳತೊಡಗುತ್ತವೆ. ಸೊಸೈಟಿ ಸಾಲದ ಗಡುವು ಯಾವಾಗ? ದ್ರಾಕ್ಷಿಗೆ ಹಿಂದಿನ ಔಷಧ ಹೊಡೆದು ಎಷ್ಟು ದಿನವಾಯಿತು? ಈ ವಾರ ಕರೆಂಟು ಹಗಲು ಪಾಳಿಯೋ ರಾತ್ರಿ ಪಾಳಿಯೋ? ಅವ್ವನ ಬಿಪಿ ಗುಳಿಗೆ ತೀರಿತೇ? ಮಗಳ ಕಾಲೇಜಿನ ಫೀ ಕಟ್ಟಲು ಎಷ್ಟು ದಿನ ಉಳಿದಿದೆ? ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಂತಹ ಚಿಂತೆಗಳಲ್ಲಿ ಅರ್ಧದಷ್ಟಾದರೂ ಮರೆತುಹೋದೀತೆಂಬ ಭಯದಿಂದ ಹುಟ್ಟುವಂಥವು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮದ್ದು ಔಷಧದ ಅಂಗಡಿಯಲ್ಲಿಲ್ಲ. ನೂರು ಪುಟದ ಒಂದು ವಹಿಯಲ್ಲಿದೆ.

"ಬರೆಯುವುದು ಗುಮಾಸ್ತರ ಕೆಲಸ, ಒಕ್ಕಲಿಗನಿಗೆ ಅದೇಕೆ?" ಎಂದು ಕೆಲವರು ಕೇಳುತ್ತಾರೆ. ಹಿಂದೆ ಹಿಂಗಾರಿ ಜೋಳ, ನಾಲ್ಕು ಕುರಿ, ಒಂದು ಜೋಡಿ ಎತ್ತು ಇದ್ದ ಕಾಲದಲ್ಲಿ ನೆನಪೇ ಸಾಕಾಗಿತ್ತು. ಮಳೆ ನಕ್ಷತ್ರಗಳೇ ಪಂಚಾಂಗವಾಗಿದ್ದವು. ಈಗ ದ್ರಾಕ್ಷಿ ಹಚ್ಚಿದವನಿಗೆ ಏಪ್ರಿಲ್ ಚಾಟಣಿ, ಅಕ್ಟೋಬರ್ ಚಾಟಣಿ, ನಡುವೆ ಹತ್ತಾರು ಸಿಂಪರಣೆ. ದಾಳಿಂಬೆ ಹಚ್ಚಿದವನಿಗೆ ಬಹಾರ ಹಿಡಿಯುವ ಲೆಕ್ಕ, ತೇಲ್ಯಾ ರೋಗದ ಕಾವಲು. ಇದರ ಮೇಲೆ ಬ್ಯಾಂಕು, ವಿಮೆ, ಮಕ್ಕಳ ಶಾಲೆ. ಬೇಸಾಯ ಬದಲಾಗಿದೆ, ತಲೆ ಮಾತ್ರ ಹಿಂದಿನದೇ. ಅದರ ಮೇಲೆ ಎಷ್ಟೆಂದು ಹೇರುವುದು?

ಅಮೇರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿ ಯುವಕ ಯುವತಿಯರ ಮೇಲೆ ನಡೆಸಿದ ಒಂದು ಪರೀಕ್ಷೆಯನ್ನು 2018ರಲ್ಲಿ ಪ್ರಕಟಿಸಿದರು. ಮಲಗುವ ಮುನ್ನ ಐದು ನಿಮಿಷ ಒಂದು ಗುಂಪಿನವರು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು; ಇನ್ನೊಂದು ಗುಂಪಿನವರು ಮಾಡಿ ಮುಗಿಸಿದ್ದನ್ನು ಬರೆದರು. ಮುಂದಿನ ಕೆಲಸ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹತ್ತಿತು. ಪರೀಕ್ಷೆ ಚಿಕ್ಕದು, ಅದನ್ನು ದೊಡ್ಡದು ಮಾಡಬೇಕಿಲ್ಲ. ಆದರೂ ಕಾಗದಕ್ಕೆ ಇಳಿದದ್ದನ್ನು ಮನಸ್ಸು ಕಾಯುತ್ತ ಕೂಡುವುದಿಲ್ಲ ಎಂಬ ಮಾತಿಗೆ ಅದು ಸಾಕ್ಷಿ.

ವಹಿಯನ್ನು ಮೂರು ಭಾಗ ಮಾಡಿಕೊಳ್ಳಿರಿ.

ಮೊದಲನೆಯದು ತಾರೀಖಿನ ಕೆಲಸ. ಆಕಳು ಬೆದೆಗೆ ಬಂದು ಇಂಜೆಕ್ಷನ್ ಮಾಡಿಸಿದ ದಿನವನ್ನು ಬರೆದಿಡಿ. ಸುಮಾರು 21ನೇ ದಿನಕ್ಕೆ ಮತ್ತೆ ಬೆದೆ ಬಂತೇ ನೋಡಬೇಕು. ಬಂದದ್ದನ್ನು ಗಮನಿಸದಿದ್ದರೆ ಇನ್ನೂ 21 ದಿನ ಮೇವು ದಂಡ. ಗಬ್ಬ ನಿಂತರೆ ಆಕಳಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ. ಈಯುವುದಕ್ಕೆ ಎರಡು ತಿಂಗಳು ಮೊದಲೇ ಹಿಂಡುವುದನ್ನು ಬಿಡಬೇಕು. ದ್ರಾಕ್ಷಿಗೆ ಹೊಡೆದ ಔಷಧದ ಹೆಸರು, ಪ್ರಮಾಣ, ದಿನ ಇವನ್ನೂ ಬರೆಯಿರಿ. ಕ್ಲೋರ್‌ಮೆಕ್ವಾಟ್ ಕ್ಲೋರೈಡಿನ ಅಂಶ ಉಳಿದಿದೆಯೆಂದು 2010ರಲ್ಲಿ ಯುರೋಪಿನವರು ನಮ್ಮ ದೇಶದ ದ್ರಾಕ್ಷಿಯನ್ನು ತಡೆದಾಗ ಬೆಳೆಗಾರರಿಗೆ ಆದ ಹಾನಿಯನ್ನು ನೆನೆಯಿರಿ. ಕೊನೆಯ ಸಿಂಪರಣೆಯಿಂದ ಕಟಾವಿಗೆ ಎಷ್ಟು ದಿನ ಬಿಡಬೇಕೆಂಬುದನ್ನು ನೆನಪಿನ ಮೇಲೆ ಬಿಡಬಾರದು. ಅದು ತಿನ್ನುವವರ ಆರೋಗ್ಯದ ಪ್ರಶ್ನೆಯೂ ಹೌದು. ಮೂರು ಲಕ್ಷ ರೂಪಾಯಿಯವರೆಗಿನ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟಿದವರಿಗೆ ಕೇಂದ್ರ ಸರಕಾರ ಬಡ್ಡಿಯಲ್ಲಿ ಶೇಕಡಾ 3ರಷ್ಟು ರಿಯಾಯಿತಿ ಕೊಡುತ್ತದೆ. ಒಂದು ಲಕ್ಷದ ಸಾಲಕ್ಕೆ ಅದು ವರ್ಷಕ್ಕೆ ಮೂರು ಸಾವಿರ ರೂಪಾಯಿ. ಒಂದು ತಾರೀಖು ಮರೆತುದಕ್ಕೆ ಇಷ್ಟು ದಂಡ ತೆರಬೇಕೇ?

ಎರಡನೆಯದು ನಾಳಿನ ಕೆಲಸ. ರಾತ್ರಿ ಊಟವಾದ ಮೇಲೆ ಮೂರೇ ಮೂರು ಕೆಲಸ ಬರೆಯಿರಿ, ಹತ್ತು ಬೇಡ. "ತೋಟದ ಕೆಲಸ" ಎಂದು ಬರೆದರೆ ಅದಕ್ಕೆ ತುದಿಯಿಲ್ಲ. "ಮೂಡಣ ಸಾಲಿನ ಡ್ರಿಪ್ ನಳಿಗೆ ತೊಳೆಯುವುದು" ಎಂದು ಬರೆದರೆ ಸಂಜೆಗೆ ಗೆರೆ ಎಳೆಯಬಹುದು. ರಾತ್ರಿ ಪಾಳಿ ಕರೆಂಟಿರುವ ವಾರ ಎರಡೇ ಕೆಲಸ ಬರೆಯಿರಿ, ಹಗಲಿನ ನಿದ್ದೆಯನ್ನೂ ಒಂದು ಕೆಲಸವೆಂದೇ ಬರೆಯಿರಿ. ಮನೆಯಾಕೆಯ ಕೆಲಸಗಳೂ ಇದೇ ಪುಟದಲ್ಲಿರಲಿ. ನೀರು, ದನ, ಅಡಿಗೆ, ಮಕ್ಕಳು, ಅತ್ತೆಯವರ ಆರೈಕೆ ಇವೆಲ್ಲ ಅಕ್ಷರದಲ್ಲಿ ಕಂಡಾಗ ಯಾರ ಹೆಗಲ ಮೇಲೆ ಎಷ್ಟು ಭಾರವಿದೆಯೆಂದು ಗಂಡಸರಿಗೂ ತಿಳಿದೀತು.

ಮೂರನೆಯದು ಸಾಲದ ಪುಟ. ಇದೇ ಬಲು ಮುಖ್ಯ. ನಮ್ಮ ಎಷ್ಟೋ ಮನೆಗಳಲ್ಲಿ ಯಜಮಾನನ ಸಾಲ ಎಷ್ಟೆಂದು ಹೆಂಡತಿಗೆ ಗೊತ್ತಿಲ್ಲ, ಬೆಳೆದ ಮಗನಿಗೂ ಗೊತ್ತಿಲ್ಲ. ಮರ್ಯಾದೆಗೆ ಅಂಜಿ ಒಬ್ಬನೇ ಹೊತ್ತು ತಿರುಗುತ್ತಾನೆ. ಸೊಸೈಟಿಗೆ ಕಟ್ಟಲು ಖಾಸಗಿಯವರಿಂದ ತರುತ್ತಾನೆ, ಖಾಸಗಿಯವರಿಗೆ ಕಟ್ಟಲು ಇನ್ನೊಬ್ಬರಿಂದ ತರುತ್ತಾನೆ. ಕೊನೆಗೆ ಮಹಾರಾಷ್ಟ್ರದ ಎಷ್ಟು ಮನೆಗಳಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ ಎಂಬುದನ್ನು ಗಂಡ ಹೆಂಡತಿ ಕೂಡಿ ಬರೆಯಿರಿ. ಬರೆದ ಮಾತ್ರಕ್ಕೆ ಸಾಲ ಕಡಿಮೆಯಾಗದು, ನಿಜ. ಆದರೆ ಒಬ್ಬನೇ ಹೊತ್ತದ್ದನ್ನು ಇಬ್ಬರು ಹೊರುವಂತಾಗುತ್ತದೆ. ಯಾವ ಸಾಲ ಮೊದಲು ತೀರಿಸಬೇಕು, ಯಾವ ಖರ್ಚು ನಿಲ್ಲಿಸಬೇಕು ಎಂಬುದು ಕಾಣುತ್ತದೆ. ಪರವಾನಗಿ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು 2014ರ ಮಹಾರಾಷ್ಟ್ರ ಕಾಯ್ದೆಯ ಪ್ರಕಾರ ಅಪರಾಧ. ಕೊಟ್ಟ ಪ್ರತಿ ರೂಪಾಯಿಯ ಲೆಕ್ಕ ವಹಿಯಲ್ಲಿದ್ದರೆ ದೂರು ಕೊಡುವಾಗಲೂ ಕೈಯಲ್ಲಿ ಆಧಾರವಿರುತ್ತದೆ.

"ನಾಳಿನ ಚಿಂತೆ ಬೇಡವೆಂದು ಯೇಸುಸ್ವಾಮಿಯೇ ಕಲಿಸಲಿಲ್ಲವೇ?" ಎಂದು ಕೇಳುವವರಿದ್ದಾರೆ. ಕಲಿಸಿದರು, ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ. ಅದೇ ಪ್ರಭು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದನ್ನು ದೃಷ್ಟಾಂತವಾಗಿ ಕೊಟ್ಟರು. ಯೋಜನೆ ಬೇರೆ, ಚಿಂತೆ ಬೇರೆ. ಯೋಜನೆ ಕುಳಿತು ಮಾಡಿ ಮುಗಿಸುವಂಥದು. ಚಿಂತೆಗೆ ಮುಗಿಯುವುದೆಂಬುದೇ ಇಲ್ಲ. ಮಳೆ, ಪೇಟೆಯ ದರ, ಮ್ಹೈಸಾಳದ ನೀರು ಬರುವ ದಿನ ನಮ್ಮ ಕೈಯಲ್ಲಿಲ್ಲ. ಅವನ್ನು ವಹಿಯ ಕೊನೆಯ ಪುಟದಲ್ಲಿ ಬರೆದು, ಸಂಜೆಯ ಜಪಸರದಲ್ಲಿ ದೇವರಿಗೆ ಒಪ್ಪಿಸಿರಿ. ಕೈಯಲ್ಲಿರುವುದನ್ನು ಮಾಡದೆ ಎಲ್ಲವನ್ನೂ ದೇವರ ಮೇಲೆ ಹಾಕುವುದು ವಿಶ್ವಾಸವಲ್ಲ, ಸೋಮಾರಿತನ.

ನಮ್ಮ ಧರ್ಮಸಭೆಗೂ ಇದು ಹೊಸದಲ್ಲ. ಆರನೇ ಶತಮಾನದಲ್ಲಿಯೇ ಸಂತ ಬೆನೆದಿಕ್ತರು ತಮ್ಮ ಮಠವಾಸಿಗಳ ದಿನವನ್ನು ಪ್ರಾರ್ಥನೆ, ದುಡಿಮೆ, ಓದು, ವಿಶ್ರಾಂತಿ ಎಂದು ಹಂಚಿಕೊಟ್ಟರು. ಸಂತ ಇಗ್ನಾಸಿಯವರು ದಿನದ ಆತ್ಮಶೋಧನೆಯನ್ನು ಕಲಿಸಿದರು. ಮೇ 15ರಂದು ನಾವು ಸ್ಮರಿಸುವ ಸಂತ ಇಸಿದೋರರು ಮ್ಯಾಡ್ರಿಡ್ ಪಟ್ಟಣದ ಒಬ್ಬ ಕೂಲಿ ಒಕ್ಕಲಿಗ. ಪ್ರಾರ್ಥನೆಗೆ ಒಂದು ಹೊತ್ತು, ನೇಗಿಲಿಗೆ ಒಂದು ಹೊತ್ತು ಎಂದು ಬದುಕಿದ ಅವರನ್ನು 1622ರಲ್ಲಿ ಧರ್ಮಸಭೆ ಸಂತರೆಂದು ಸಾರಿತು.

ಆದ್ದರಿಂದ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಅರ್ಧ ಗಂಟೆ ಮನೆಯವರೆಲ್ಲ ವಹಿಯೊಂದಿಗೆ ಕೂಡಿರಿ. ಆದದ್ದಕ್ಕೆ ಗೆರೆ ಎಳೆಯಿರಿ, ಆಗದ್ದನ್ನು ಮುಂದಿನ ವಾರಕ್ಕೆ ಹಾಕಿರಿ, ಬೇಡವಾದದ್ದನ್ನು ಹೊಡೆದುಹಾಕಿರಿ. ಬರೆಯಲು ಬಾರದ ಹಿರಿಯರು ಹೇಳಲಿ, ಶಾಲೆಗೆ ಹೋಗುವ ಮಕ್ಕಳು ಬರೆಯಲಿ. ಆಮೇಲೆ ವಹಿ ಮುಚ್ಚಿ ವಿಶ್ರಾಂತಿ ತೆಗೆದುಕೊಳ್ಳಿರಿ. ಒಂದೆರಡು ದಿನ ಬರೆಯುವುದು ತಪ್ಪಿದರೆ ಬೇಸರ ಬೇಡ, ಮೂರನೆಯ ದಿನ ಮುಂದುವರಿಸಿರಿ. ವಹಿಯೇ ಹೊಸದೊಂದು ಚಿಂತೆಯಾಗಬಾರದು.

ಕೊನೆಯದಾಗಿ ಒಂದು ಮಾತು. ವಹಿಗೆ ಇಳಿಯದ ಭಾರವೂ ಉಂಟು. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದು ದೌರ್ಬಲ್ಯವಲ್ಲ, ಪಾಪವೂ ಅಲ್ಲ. ಅದು ಚಿಕಿತ್ಸೆ ಬೇಡುವ ಕಾಯಿಲೆ. ಡಾಕ್ಟರರಲ್ಲಿಗೆ ಹೋಗಿರಿ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಹಣ ಬೇಕಿಲ್ಲ. ಅಂಥವರು ಮನೆಯಲ್ಲಿದ್ದರೆ ಒಬ್ಬರನ್ನೇ ಬಿಡಬೇಡಿರಿ; ಔಷಧದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ.

ಬೆಳೆ ಹೋದರೆ ಮುಂದಿನ ವರ್ಷ ಬಂದೀತು. ಹೋದ ಮನುಷ್ಯ ಬರಲಾರ. ದೇವರು ನಿಮ್ಮ ಹೊಲ ಮನೆಗಳನ್ನು ಹರಸಲಿ.