ಸರ್ಟಿಫಿಕೇಟಿಗೆ ರೊಕ್ಕ ಸುರಿಯುವ ಮೊದಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಡಿಗ್ರಿ ಮುಗಿಸಿದವರಿಗೆ ಕಾಣುವುದು ಸಿಮೆಂಟ್ ಫ್ಯಾಕ್ಟರಿ ಗೇಟು, ಇಲ್ಲವೇ ಬೆಂಗಳೂರು, ಹೈದರಾಬಾದಿನ ದಾರಿ. ಹೀಗಿರುವಾಗ 'ಮನೆಯಲ್ಲೇ ಕೂತು ವರ್ಚುವಲ್ ಅಸಿಸ್ಟೆಂಟ್ ಆಗಿ' ಎಂಬ ಜಾಹೀರಾತು ಮೊಬೈಲಿಗೆ ಬಂದರೆ ಆಸೆ ಹುಟ್ಟುವುದು ಸಹಜ.

ಈ ಕೆಲಸ ಸುಳ್ಳಲ್ಲ. ದೂರದ ವ್ಯಾಪಾರಿಯ, ಡಾಕ್ಟರರ ಇಮೇಲಿಗೆ ಉತ್ತರ ಬರೆಯುವುದು, ಭೇಟಿಯ ಸಮಯ ಗೊತ್ತುಮಾಡುವುದು, ಬಿಲ್ಲು-ಲೆಕ್ಕ ಎಕ್ಸೆಲ್‌ನಲ್ಲಿ ತುಂಬುವುದು. ಇದಕ್ಕೆ ಕಾನೂನು ಯಾವ ಡಿಗ್ರಿಯನ್ನೂ ಲೈಸೆನ್ಸನ್ನೂ ಕೇಳುವುದಿಲ್ಲ. ಬೇಕಾದದ್ದು ತಪ್ಪಿಲ್ಲದ ಟೈಪಿಂಗ್, ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷ್, ಹೇಳಿದ ಹೊತ್ತಿಗೆ ಮುಗಿಸುವ ರೂಢಿ, ಇನ್ನೊಬ್ಬರ ಗುಟ್ಟು ಕಾಯುವ ನಿಯತ್ತು.

ಆದ್ದರಿಂದ ನಾವು ಹೇಳುವುದಿಷ್ಟೆ: ಸಾವಿರಾರು ರೂಪಾಯಿ ಕೊಟ್ಟು ಸರ್ಟಿಫಿಕೇಟ್ ಕೊಳ್ಳಬೇಡಿ. ಕೇಂದ್ರ ಸರ್ಕಾರದ 'ಸ್ವಯಂ' ಪೋರ್ಟಲ್‌ನಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಕಲಿತದ್ದನ್ನು ಊರಲ್ಲೇ ಮಾಡಿ ನೋಡಿ. ದಾಲ್ ಮಿಲ್ಲಿನ ಒಂದು ತಿಂಗಳ ತೊಗರಿ ಲೆಕ್ಕ ಶೀಟಿಗೆ ಏರಿಸಿಕೊಡಿ. ಮಾಲೀಕರನ್ನು ಕೇಳಿ, ಹೆಸರು-ಮೊತ್ತ ಬದಲಿಸಿ, ಅದನ್ನೇ ಮಾದರಿಯಾಗಿ ತೋರಿಸಿ. ಕೆಲಸ ಕೊಡುವವರೇ ಮೊದಲು ರೊಕ್ಕ ಕೇಳಿದರೆ ಅದು ಕೆಲಸವಲ್ಲ, ಬಲೆ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸರ್ಕಾರಕ್ಕೂ ಒಂದು ಮಾತು. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುವುದು ಹೆಚ್ಚೆಂದರೆ ಎರಡು ವರ್ಷ. ಆ ಅವಧಿಯಲ್ಲೇ ಕೈಗೆ ಕೆಲಸ ಹತ್ತಬೇಕು. ಬರೀ ಮೊಬೈಲಿನಲ್ಲಿ ಅದು ಆಗದು, ಕಂಪ್ಯೂಟರ್ ಬೇಕು. ಕಂಪ್ಯೂಟರ್ ಇರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳು ಸಂಜೆ ಎರಡು ತಾಸು ಇವರಿಗಾಗಿ ತೆರೆದಿರಲಿ. ಊರು ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ಆ ಎರಡು ತಾಸೇ ದೊಡ್ಡ ಆಸರೆ.